ಅರ್ಧ ಬಿಚ್ಚಿದ ಗುಡಾರ

ನಮ್ಮ ಯೋವಿಕ್ ಊರಿನಲ್ಲಿ ಒಂದು ನಿಯಮವಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಆದ್ದರಿಂದಲೇ ಯಾರೂ ಮುರಿಯುವುದೂ ಇಲ್ಲ. ಬೆಟ್ಟದ ಮೇಲೆ ಎದುರಾದವರಿಗೆಲ್ಲ ‘ಹೈ ಹೈ’ ಅನ್ನಬೇಕು. ಊರೊಳಗೆ ಯಾರಿಗೂ ಅನ್ನಬಾರದು. ಬೆಟ್ಟ ಎಲ್ಲಿಂದ ಶುರು ಅಂತ ಕೇಳಿದರೆ, ಬರ್ಚ್ ಮರಗಳು ನಿಮ್ಮ ಸೊಂಟಕ್ಕಿಂತ ಗಿಡ್ಡವಾಗುವ ಜಾಗದಿಂದ. ಅಲ್ಲಿಂದ ಮೇಲೆ ಗುರುತು ಪರಿಚಯವಿಲ್ಲದವನ ಮೊಣಕಾಲಿನ ಆಪರೇಷನ್ ಕಥೆಯನ್ನು ಹೊಲಿಗೆಯ ಸಮೇತ ಕೇಳಬಹುದು, ಅವನ ಕಿತ್ತಳೆಹಣ್ಣಿನಲ್ಲಿ ಅರ್ಧ ತಿನ್ನಬಹುದು. ಮಾರನೆಯ ದಿನ ಅದೇ ಮನುಷ್ಯ ಊರಿನ ಅಂಗಡಿಯಲ್ಲಿ ಸಿಕ್ಕರೆ ಮಾತ್ರ ಹಾಲಿನ ಪೊಟ್ಟಣ ಎತ್ತಿಕೊಂಡು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಶ್ರದ್ಧೆಯಿಂದ ಓದತೊಡಗಬೇಕು. ಅದೇ ಮರ್ಯಾದೆ.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಓಡ್ವಾರ್ ಶೆಲ್ಬ್ರೈಡ್ ಮತ್ತು ಟೋರ್ಫಿನ್ ಎದುರು ಬದುರು ಬಾಗಿಲಿನವರು. ನಡುವೆ ನಾಲ್ಕು ಹೆಜ್ಜೆ. ಹನ್ನೊಂದು ವರ್ಷಗಳಲ್ಲಿ ಇವರಿಬ್ಬರ ನಡುವೆ ನಡೆದ ಸಂಭಾಷಣೆಯನ್ನು ಪೂರ್ತಿಯಾಗಿ ಇಲ್ಲಿ ಕೊಡಬಲ್ಲೆ. ಒಮ್ಮೆ ಕರೆಂಟು ಹೋದಾಗ ಟೋರ್ಫಿನ್ “ಹೋಯ್ತಾ?” ಅಂದ. ಓಡ್ವಾರ್ “ಹೋಯ್ತು” ಅಂದ. ಇಬ್ಬರೂ ಹೊರಗೆ ಹೋಗುವ ಮುನ್ನ ಬಾಗಿಲ ಕಿಂಡಿಗೆ ಕಣ್ಣಿಟ್ಟು, ಆಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಚಿಲಕ ತೆಗೆಯುವವರು. ಒಮ್ಮೆ ಇಬ್ಬರೂ ಒಂದೇ ಹೊತ್ತಿಗೆ ಕಣ್ಣಿಟ್ಟು, ಎದುರು ಬಾಗಿಲಿನ ಗಾಜು ಕಪ್ಪಾಗಿರುವುದನ್ನು ಕಂಡು, ಅವನು ಹೋಗಲಿ ಅಂತ ಇವನು, ಇವನು ಹೋಗಲಿ ಅಂತ ಅವನು, ಇಪ್ಪತ್ತು ನಿಮಿಷ ನಿಂತಿದ್ದರಂತೆ. ದ್ವೇಷವೆಂದು ತಿಳಿಯಬೇಡಿ. ಇದಕ್ಕಿಂತ ಒಳ್ಳೆಯ ನೆರೆಹೊರೆ ನಮ್ಮ ಕಟ್ಟಡದಲ್ಲಿ ಇನ್ನೊಂದಿರಲಿಲ್ಲ.

ಓಡ್ವಾರ್ ಪುರಸಭೆಯಲ್ಲಿ ನೀರಿನ ಮೀಟರು ಓದುವವನು. ಮೂವತ್ತು ವರ್ಷ ಊರಿನ ಬಾಗಿಲುಗಳೆಲ್ಲ ಅವನಿಗೆ ತೆರೆದುಕೊಂಡಿದ್ದವು. “ಬನ್ನಿ, ಸಿಂಕಿನ ಕೆಳಗೆ ಇದೆ” ಅನ್ನುವರು, ಒಮ್ಮೊಮ್ಮೆ ಕಾಫಿ ಬೇಕಾ ಅಂತಲೂ ಕೇಳುವರು. ನಾಲ್ಕು ವರ್ಷದ ಹಿಂದೆ ಹೊಸ ಮೀಟರುಗಳು ಬಂದವು. ಅವು ತಮ್ಮ ಅಂಕಿಗಳನ್ನು ತಾವೇ ಆಫೀಸಿಗೆ ಕಳಿಸುತ್ತವೆ. ಈಗ ಓಡ್ವಾರ್ ಕಂಪ್ಯೂಟರಿನ ಮುಂದೆ ಕೂತು, ಅಂಕಿಗಳು ಬಂದವೋ ಇಲ್ಲವೋ ನೋಡುತ್ತಾನೆ. ಬಂದಿರುತ್ತವೆ. ಟೋರ್ಫಿನ್ ನಿವೃತ್ತ ಬಸ್ ಚಾಲಕ. ‘ಚಾಲಕನೊಡನೆ ಮಾತಾಡಬೇಡಿ’ ಎಂಬ ಫಲಕದ ಕೆಳಗೆ ಮೂವತ್ತೆರಡು ವರ್ಷ ಕೂತವನು. ಇಬ್ಬರಿಗೂ ಮನೆಯಲ್ಲಿ ಬೇರೆ ಯಾರೂ ಇಲ್ಲ.

ಹೀಗಿರುವಾಗ ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ಓಡ್ವಾರ್ ಒಬ್ಬನೇ ವಾಲ್ಡ್ರೆಸ್ ಕಡೆಯ ಬೆಟ್ಟಕ್ಕೆ ಹೋಗಿದ್ದ. ಕಾಲುದಾರಿಯಲ್ಲಿ ಎದುರಿನಿಂದ ಬಂದವನು ಟೋರ್ಫಿನ್.

“ಹೈ ಹೈ!” ಅಂದ ಟೋರ್ಫಿನ್.

“ಹೈ ಹೈ!” ಅಂದ ಓಡ್ವಾರ್.

ಇಬ್ಬರೂ ಒಂದು ಬಂಡೆಯ ಮೇಲೆ ಕೂತರು. ಮುಕ್ಕಾಲು ಗಂಟೆ ಮಾತಾಡಿದರು. ಟೋರ್ಫಿನ್ ಕಿತ್ತಳೆಹಣ್ಣು ಸುಲಿದ, ತನ್ನ ಬಸ್ಸಿನಲ್ಲಿ ಯಾರೋ ಒಂದು ಆಡನ್ನು ಮರೆತು ಇಳಿದುಹೋದ ಕಥೆ ಹೇಳಿದ, ಓಡ್ವಾರನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸೋಮವಾರ ಬೆಳಗ್ಗೆ ಓಡ್ವಾರ್ ಬಾಗಿಲ ಕಿಂಡಿಗೆ ಕಣ್ಣಿಟ್ಟ. ಎದುರು ಬಾಗಿಲಿನ ಗಾಜು ಕಪ್ಪಗಿತ್ತು. ಇವನು ಕಾದ. ಅವನೂ ಕಾದ.

ಆ ಚಳಿಗಾಲವಿಡೀ ಓಡ್ವಾರ್ ಯೋಚಿಸಿ ಒಂದು ನಿರ್ಧಾರಕ್ಕೆ ಬಂದ. ಮನುಷ್ಯರು ಬೇಕೆಂದರೆ ಬೆಟ್ಟದಲ್ಲಿರಬೇಕು. ಬೆಳಗ್ಗೆ ಹೋಗಿ ಸಂಜೆ ಬಂದರೆ ಸಾಲದು, ಅಲ್ಲೇ ದಾರಿಯ ಪಕ್ಕ ಮಲಗಬೇಕು. ನೆಲದ ಮೇಲೆ ಮಲಗಿದರೆ ಬೆನ್ನು ಒಪ್ಪುವುದಿಲ್ಲ. ಆದ್ದರಿಂದ ಕಾರಿನ ತಲೆಯ ಮೇಲೆ ಬಿಚ್ಚಿಕೊಳ್ಳುವ ಗುಡಾರ! ಅಂಥದ್ದೊಂದನ್ನು ಬೇರೆ ಬೇರೆಯಾಗುತ್ತಿದ್ದ ಒಂದು ಫಿನ್ನಿಷ್ ಜೋಡಿ ಮಾರುತ್ತಿದ್ದರು. ಇಬ್ಬರು ಮಲಗುವಂಥದ್ದು. ಓಡ್ವಾರ್ ಅದನ್ನು ಕೊಂಡು ತನ್ನ ಪುಟ್ಟ ನೀಲಿ ಕಾರಿನ ಮೇಲೆ ಹೇರಿಸಿಕೊಂಡು ಬಂದ. ದೂರದಿಂದ ನೋಡಿದರೆ ಆಮೆಯ ಮೇಲೆ ಇನ್ನೊಂದು ಆಮೆ. ಜೊತೆಗೆ ಕೊಟ್ಟ ಪುಸ್ತಿಕೆ ಫಿನ್ನಿಷ್ ಭಾಷೆಯಲ್ಲಿತ್ತು. ಅದರಲ್ಲಿ ಓಡ್ವಾರನಿಗೆ ಅರ್ಥವಾದದ್ದು ಒಂದೇ, ಚಿತ್ರದಲ್ಲಿದ್ದ ಮನುಷ್ಯನ ಮುಗುಳ್ನಗೆ.

ಜೂನ್ ತಿಂಗಳ ಮೊದಲ ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದು ಬೇಡ. ವಾಲ್ಡ್ರೆಸ್‌ನ ಮೇಲಿನ ಬಯಲಿನಲ್ಲಿ, ಮರವೆಂಬುದು ಒಂದೂ ಇಲ್ಲದ ಕಡೆ, ಅವನು ಕಾರು ನಿಲ್ಲಿಸಿ ಗುಡಾರದ ಏಣಿ ಹಿಡಿದು ಎಳೆದ. ಏಣಿಯೇ ಸನ್ನೆಕೋಲು. ಅದನ್ನು ಕೆಳಕ್ಕೆ ಜಗ್ಗಿದರೆ ಮಡಚಿದ ಹಾಸು ತೆರೆದುಕೊಂಡು ಗುಡಾರ ತಾನಾಗಿ ಎದ್ದುನಿಲ್ಲಬೇಕು. ಮೂರು ಗಂಟೆ ಎಳೆದ. ಅಲ್ಲಾಡಲಿಲ್ಲ. ದಾರಿಹೋಕರು ಎಲ್ಲರೂ ಕೇಳಿದರು, “ಹೈ ಹೈ! ಎಲ್ಲಾ ಸರಿನಾ?” ನಮ್ಮ ಜನ ಈ ಪ್ರಶ್ನೆಗೆ ಕೊಡುವ ಉತ್ತರ ಒಂದೇ. ಮೊಸಳೆ ಕಾಲು ಹಿಡಿದಿದ್ದರೂ ಅದೇ. “ಹೂಂ, ಸರಿ ಸರಿ.” ಇಪ್ಪತ್ತಮೂರು ಜನ ಕೇಳಿದರು, ಇಪ್ಪತ್ತಮೂರು ಸಲ ಓಡ್ವಾರ್ ‘ಸರಿ ಸರಿ’ ಅಂದ, ಇಪ್ಪತ್ತಮೂರು ಜನ ನೆಮ್ಮದಿಯಿಂದ ಮುಂದೆ ಹೋದರು. ಅವನು ಸ್ಟೀರಿಂಗ್ ಚಕ್ರವನ್ನು ತಬ್ಬಿಕೊಂಡು ಸೀಟಿನಲ್ಲೇ ಮಲಗಿ, ಬೆಳಗ್ಗೆ ಸೊಟ್ಟ ಕತ್ತಿನೊಂದಿಗೆ ಮನೆಗೆ ಬಂದ.

ಮುಂದಿನ ಶನಿವಾರ ಬೆಳಗ್ಗೆ, ಬೇಸಿಗೆಯ ರಜೆ ಶುರುವಾದ ದಿನ, ಕಟ್ಟಡದ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸಕ್ಕೆ ನಿಂತ. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು, ಆದ್ದರಿಂದ ಬೆಟ್ಟದ ಅಂಗಿ, ಬೂಟು, ಉಣ್ಣೆಯ ಟೋಪಿ ಹಾಕಿಕೊಂಡಿದ್ದ. ಬಾನೆಟ್ ಮೇಲೆ ಕಾಫಿಯ ಫ್ಲಾಸ್ಕು. ನನ್ನ ಅಡುಗೆಮನೆಯ ಕಿಟಕಿ ಆ ಕಡೆಗೇ ಇರುವುದರಿಂದ, ಇಷ್ಟವಿಲ್ಲದಿದ್ದರೂ ಎಲ್ಲವನ್ನೂ ನೋಡಬೇಕಾಯಿತು. ಗುಡಾರ ಅರ್ಧ ಎದ್ದು, ಆಕಳಿಸಲು ಬಾಯಿ ತೆರೆದು ಮರೆತವರ ಹಾಗೆ ನಿಂತುಬಿಟ್ಟಿತ್ತು.

ಆಗ ಟೋರ್ಫಿನ್ ಕಸದ ಚೀಲ ಹಿಡಿದು ಹೊರಗೆ ಬಂದ. ಓಡ್ವಾರನನ್ನು ನೋಡಿದ ಕೂಡಲೇ ತಲೆ ತಗ್ಗಿಸಲು ಹೊರಟವನು ತಗ್ಗಿಸಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಗುಡಾರ, ಬೂಟು, ಟೋಪಿ, ಫ್ಲಾಸ್ಕು. ಅರವತ್ತು ವರ್ಷದ ಅಭ್ಯಾಸ ಬಾಯಿಗೆ ನುಗ್ಗಿತು.

“ಹೈ ಹೈ!” ಅಂದುಬಿಟ್ಟ.

ಅಂದವನೇ ಹೌಹಾರಿದ. ಆದರೆ ಒಮ್ಮೆ ಹೈ ಹೈ ಅಂದ ಮೇಲೆ ನಿಲ್ಲಲೇಬೇಕು, ಅದೂ ನಿಯಮ.

“ಹೈ ಹೈ,” ಅಂದ ಓಡ್ವಾರ್. ಫ್ಲಾಸ್ಕು ತೋರಿಸಿದ. “ಒಂದು ಲೋಟ?”

“ಕಸ ಇದೆ ಕೈಲಿ.”

“ಕಸ ಎಲ್ಲಿ ಓಡಿಹೋಗುತ್ತೆ, ಕೂತ್ಕೊಳ್ಳಿ.”

ಟೋರ್ಫಿನ್ ನಡುವೆ ಇದ್ದ ಮೋರಿಯ ಮುಚ್ಚಳ ದಾಟಿ ಬಂದು ಕಸದ ಚೀಲವನ್ನು ಪಕ್ಕಕ್ಕಿಟ್ಟು ಕೂತ. ಆಡಿನ ಕಥೆಯ ಎರಡನೇ ಭಾಗ ಅವತ್ತು ಹೊರಬಂತು. ಆಮೇಲೆ ಎರಡನೇ ಮಹಡಿಯ ಬೋರ್ಗಿಲ್ಡ್ ಅಜ್ಜಿ ಬಂದರು. ಮೆಟ್ಟಿಲು ತೊಳೆಯುವ ಸರದಿಯ ಪಟ್ಟಿ ಬರೆಯುವವರು ಅವರೇ. ಎಂಬತ್ತು ವರ್ಷ. ಅವರೂ “ಹೈ ಹೈ” ಅಂದರು. ಮೊದಲ ಮಹಡಿಯವರು, ನಾಲ್ಕನೇ ಮಹಡಿಯವರು, ಸೈಕಲ್ಲಿನವರು, ನಾಯಿಯವರು, ಒಬ್ಬೊಬ್ಬರೂ ಮೋರಿ ಮುಚ್ಚಳದ ತನಕ ಊರಿನವರಾಗಿ ಬಂದು, ಅದನ್ನು ದಾಟಿದ ಕೂಡಲೇ ಬೆಟ್ಟದವರಾಗುತ್ತಿದ್ದರು. ವಾಪಸು ಹೋಗುವಾಗ ಮುಚ್ಚಳ ದಾಟಿ ಮತ್ತೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಓಡ್ವಾರ್ ಕಾರಿನ ಇನ್ನೊಂದು ಪಕ್ಕಕ್ಕೆ ಸುಮ್ಮನೆ ಬಂದು ನಿಂತ. ನೋಡುತ್ತಾನೆ, ಹಿಂಜುಗಳು, ಅಂದರೆ ಹಾಸು ತಿರುಗುವ ಕೀಲುಗಳೆಲ್ಲ, ತಾನು ಇಷ್ಟು ದಿನ ಎಳೆಯುತ್ತಿದ್ದ ಪಕ್ಕದಲ್ಲಿವೆ! ಬಾಗಿಲನ್ನು ಹಿಂಜಿನ ಕಡೆಯಿಂದ ತೆರೆಯಲು ಹೊರಟವನ ಕಥೆ. ಏಣಿಯನ್ನು ಈ ಪಕ್ಕಕ್ಕೆ ತಂದು, ಅದನ್ನು ಹಾಸಿಗೆ ಸಿಕ್ಕಿಸುವ ಕಬ್ಬಿಣದ ಪಿನ್ನು ಹಾಕಿ, ಜಗ್ಗಿದ. ನಾಲ್ಕು ನಿಮಿಷ. ಗುಡಾರ ಮದುವೆಮನೆಯ ಚಪ್ಪರದ ಹಾಗೆ ಎದ್ದು ನಿಂತಿತು.

ಓಡ್ವಾರ್ ಕೈ ಒರೆಸಿಕೊಂಡು ಹೆಮ್ಮೆಯಿಂದ ಕಾದ. ಊಟ ಮುಗಿಸಿ ಟೋರ್ಫಿನ್ ಬಂದ. ಗುಡಾರವನ್ನು ತಲೆಯಿಂದ ಕಾಲಿನ ತನಕ ನೋಡಿದ.

“ಓ. ಆಯ್ತು,” ಅಂದ. ಸ್ವಲ್ಪ ಹೊತ್ತು ನಿಂತ. ಕೇಳಲು ಏನೂ ಇರಲಿಲ್ಲ. ತಲೆಯಾಡಿಸಿ ಒಳಗೆ ಹೋದ.

ಅಜ್ಜಿ ಕಿಟಕಿಯಿಂದಲೇ ನೋಡಿ ಪರದೆ ಎಳೆದರು. ಮಿಕ್ಕವರು ಯಾರೂ ಬರಲಿಲ್ಲ. ಆದ ಕೆಲಸದ ಹತ್ತಿರ ಯಾರಾದರೂ ಯಾಕೆ ನಿಲ್ಲಬೇಕು? ಓಡ್ವಾರ್ ಎದ್ದುನಿಂತ ಗುಡಾರದ ಕೆಳಗೆ ಒಂದೂವರೆ ಗಂಟೆ ಒಬ್ಬನೇ ಕೂತಿದ್ದ. ಆಮೇಲೆ ಎದ್ದು ಅದನ್ನು ಮಡಚಿದ. ಪೂರ್ತಿ ಅಲ್ಲ, ಅರ್ಧ.

ಭಾನುವಾರ ಬೆಳಗ್ಗೆ ಟೋರ್ಫಿನ್ ಬಂದಾಗ ಓಡ್ವಾರ್ ಮತ್ತೆ ಹಿಂಜಿನ ಕಡೆಯಿಂದ ಎಳೆಯುತ್ತಿದ್ದ.

“ಹೈ ಹೈ. ಇದೇನು, ನಿನ್ನೆ ಆಗಿತ್ತಲ್ಲ?”

“ಇವತ್ತು ಬರ್ತಾ ಇಲ್ಲ.”

“ಹೌದಾ,” ಅಂದ ಟೋರ್ಫಿನ್. ಹಿಂಜುಗಳನ್ನು ನೋಡಿದ, ಓಡ್ವಾರನನ್ನು ನೋಡಿದ. “ಕಷ್ಟದ ಗುಡಾರ,” ಅಂದು ಕೂತ.

ಕಷ್ಟ ನಿಜವಾಗಿ ಶುರುವಾದದ್ದು ಸೋಮವಾರ. ಅವತ್ತು ಓಡ್ವಾರ್ ಏಣಿಯನ್ನು ಹೆಗಲ ಮೇಲೆ ಹೊತ್ತು, ಆಗದವನ ಹಾಗೆ ನಟಿಸುವ ಕೆಲಸದಲ್ಲಿ ನಿಜವಾಗಿಯೂ ಏದುಸಿರು ಬಿಡುತ್ತಿದ್ದ. ಬೋರ್ಗಿಲ್ಡ್ ಅಜ್ಜಿ ಮಡಚುವ ಕುರ್ಚಿ ತಂದು ಹಾಕಿಕೊಂಡು ವಿಚಾರಣೆಗೆ ಕೂತರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ‘ಯಾ’ ಅಂದರೆ ಹೌದು. ಅದನ್ನು ಉಸಿರು ಹೊರಗೆ ಬಿಡುತ್ತ ಹೇಳಿದರೆ ಸಾಧಾರಣ ಹೌದು. ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತ ‘ಹ್ಯಾ’ ಅಂದರೆ, ಅದು ಯೋಚಿಸಿ, ತೂಗಿ, ಮನಸ್ಸಿನ ಆಳದಿಂದ ಹೇಳಿದ ಹೌದು. ಪರದೇಶದವರು ಕೇಳಿದರೆ ಯಾರೋ ತಣ್ಣೀರಿಗೆ ಬಿದ್ದರು ಅಂದುಕೊಳ್ಳುತ್ತಾರೆ. ನಮಗೆ ಅದು ಸಹಿ ಹಾಕಿದ ಹಾಗೆ.

“ಅಲ್ಲಪ್ಪ ಓಡ್ವಾರ್,” ಅಂದರು ಅಜ್ಜಿ, “ಇಷ್ಟು ಒದ್ದಾಡ್ತಾ ಇದೀಯಲ್ಲ, ದೂರ ಹೋಗೋನಿದೀಯಾ?”

ಓಡ್ವಾರ್ ಏಣಿಯ ಭಾರಕ್ಕೆ ಉಸಿರು ಒಳಗೆಳೆದ. “ಹ್ಯಾ...”

“ಉತ್ತರಕ್ಕಾ?”

“ಹ್ಯಾ...”

“ಉತ್ತರ ಅಂದ್ರೆ, ತೀರಾ ತುದೀಗಾ? ಆ ಕೊನೇ ಬಂಡೆ ಇದೆಯಲ್ಲ, ಆಮೇಲೆ ಬರೀ ಸಮುದ್ರ, ಅಲ್ಲಿಗಾ?”

ಏಣಿ ಜಾರಿ ಕಾಲಿನ ಮೇಲೆ ಬಿತ್ತು. “ಹ್ಯಾಆಆ!”

“ಅಯ್ಯೋ ದೇವರೇ! ಒಬ್ಬನೇನಾ? ಬೇಸಿಗೆ ಪೂರ್ತಿ?”

ಓಡ್ವಾರ್ ಕಾಲು ಹಿಡಿದುಕೊಂಡು ಒಂಟಿಕಾಲಲ್ಲಿ ಕುಣಿಯುತ್ತ ಮೂರು ಸಲ ಉಸಿರೆಳೆದ. ಮೂರು ಸಹಿ!

ಸಂಜೆಯ ಹೊತ್ತಿಗೆ ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು, ಓಡ್ವಾರ್ ಶೆಲ್ಬ್ರೈಡ್ ಕಾರಿನ ತಲೆಯ ಮೇಲೆ ಮಲಗಿಕೊಂಡು, ಒಬ್ಬನೇ, ದೇಶದ ಉತ್ತರದ ತುದಿಗೆ ಹೋಗುತ್ತಿದ್ದಾನೆ, ಆಗಸ್ಟ್ ತನಕ ಬರುವುದಿಲ್ಲ ಅಂತ. ಇದನ್ನು ಅಲ್ಲಗಳೆಯಲು ಅವನಿಗೆ ಒಂದು ಅವಕಾಶ ಇತ್ತು. ಮಂಗಳವಾರ ಮೊದಲ ಮಹಡಿಯವರು ಬಂದು, “ಎಂಥ ಧೈರ್ಯ ಕಣ್ರೀ ನಿಮ್ಮದು! ನಮ್ಮ ಭಾವ ಹೋಗ್ತೀನಿ ಹೋಗ್ತೀನಿ ಅಂತ ಸೋಫಾದಲ್ಲೇ ಮುದುಕರಾದ್ರು” ಅಂದು ಒಂದು ಗಂಟೆ ಕೂತರು. ಓಡ್ವಾರನ ಪಕ್ಕ ಒಂದು ಗಂಟೆ ಕೂತ ಜನರಿಗೆ ‘ನೀವು ತಪ್ಪು ತಿಳಿದಿದ್ದೀರಿ, ಎದ್ದುಹೋಗಿ’ ಅನ್ನುವಷ್ಟು ಕಲ್ಲುಹೃದಯದವನಲ್ಲ ಅವನು.

ಬುಧವಾರ ವಸತಿ ಸಂಘದ ಅಧ್ಯಕ್ಷರಾದ ಸ್ಟೈನಾರ್ ಟ್ವೆಟೇನ್ ನಿಯಮಾವಳಿಯ ಪುಸ್ತಕ, ಅಳತೆಯ ಟೇಪು ಹಿಡಿದು ಆಗಮಿಸಿದರು. ಮೋರಿ ಮುಚ್ಚಳದ ಈಚೆಯೇ ನಿಂತು, ಓಡ್ವಾರನ ಕಡೆ ನೋಡದೆ, ಗಾಳಿಗೆ ಹೇಳಿದರು.

“ಕಲಂ ಏಳು. ಸಂಘದ ಜಾಗದಲ್ಲಿ ಗುಡಾರ ಹೂಡತಕ್ಕದ್ದಲ್ಲ.”

“ಹೂಡಿಲ್ಲ. ಆಗ್ತಾ ಇಲ್ಲ ನನ್ನ ಕೈಲಿ,” ಅಂದ ಓಡ್ವಾರ್.

“ಹಾಗಾದರೆ ಮಡಚಿ ಇಡತಕ್ಕದ್ದು. ಮಡಚಿದರೆ ಅದು ಸಾಮಾನು. ಸಾಮಾನಿಗೆ ಅಡ್ಡಿಯಿಲ್ಲ.”

“ಮಡಚೋಕೂ ಆಗ್ತಾ ಇಲ್ಲ.”

ಅಧ್ಯಕ್ಷರು ಪುಸ್ತಕ ತಿರುವಿದರು. ಬಿಚ್ಚಿದ ಗುಡಾರದ ಬಗ್ಗೆ ಇತ್ತು, ಮಡಚಿದ್ದರ ಬಗ್ಗೆ ಇತ್ತು. ಅರ್ಧ ಬಿಚ್ಚಿದ್ದರ ಬಗ್ಗೆ ಕಾನೂನು ಮೌನವಾಗಿತ್ತು. ಹಣೆ ಉಜ್ಜಿಕೊಂಡರು.

“ಎಷ್ಟು ಬಿಚ್ಚಿದೆ ಅಂತ ಅಳೀಬೇಕಾಗುತ್ತೆ,” ಅಂದು ಟೇಪು ಎಳೆಯುತ್ತ ಮುಚ್ಚಳ ದಾಟಿದರು. ದಾಟಿದವರೇ ನಿಂತರು. ಮುಖ ಸಡಿಲವಾಯಿತು. “ಹೈ ಹೈ,” ಅಂದರು, ತಮಗೇ ಆಶ್ಚರ್ಯವಾದವರ ಹಾಗೆ.

“ಹೈ ಹೈ. ಕಾಫಿ?”

“ಸಕ್ಕರೆ ಹಾಕ್ಬೇಡಿ. ಉತ್ತರಕ್ಕಂತೆ? ನಾನೂ ಒಂದ್ಸಲ ಹೋಗ್ಬೇಕು ಅಂತಿದ್ದೆ. ಯಾರು ಬರ್ತಾರೆ ನನ್ನ ಜೊತೆ, ಎಲ್ಲಾ ನನ್ನ ನೋಡಿದ್ರೆ ಪುಸ್ತಕ ತೆಗೀತಾನೆ ಅಂತಾರೆ.” ಪುಸ್ತಕವನ್ನು ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತರು. ನೆಲ ತಣ್ಣಗಿತ್ತು. ಎದ್ದಾಗ ತೀರ್ಪು ಕೊಟ್ಟರು: “ಅರ್ಧದಲ್ಲಿ ಇರೋ ತನಕ ಇರಲಿ.”

ಹೀಗೆ ಓಡ್ವಾರನಿಗೆ ಕಾನೂನಿನ ಬೆಂಬಲವೂ ಸಿಕ್ಕಿತು. ಬಿಚ್ಚದೆ, ಮಡಚದೆ ಬಾಳಿದರೆ ಬೇಸಿಗೆ ಪೂರ್ತಿ ಬಾಳಬಹುದಿತ್ತು. ಕೆಡಿಸಿದ್ದು ಅಜ್ಜಿಯ ಕರುಣೆ.

“ಇವನನ್ನ ಹಿಂಗೇ ಕಳಿಸಿದ್ರೆ ಹೆಲಿಕಾಪ್ಟರಲ್ಲಿ ತರಿಸ್ಬೇಕಾಗುತ್ತೆ,” ಅಂದರು ಅಜ್ಜಿ ಗುರುವಾರ, ಅಧ್ಯಕ್ಷರಿಗೆ. “ಶನಿವಾರ ಹೆಂಗೋ ಒಂದ್ಸಲ ಬಿಚ್ಚಿದ್ದ, ಆಮೇಲೆ ಐದು ದಿನ ಆಯ್ತು, ಪಾರ್ಕಿಂಗಲ್ಲೇ ಬಿಚ್ಚೋಕೆ ಬರ್ತಿಲ್ಲ. ಆ ತುದೀಲಿ ಗಾಳೀಲಿ ಏನು ಬಿಚ್ತಾನೆ? ಡುಗ್ನಾದ್ ಇಡೋಣ.”

ಡುಗ್ನಾದ್ ಅಂದರೆ ಎಲ್ಲರೂ ಸೇರಿ ಒಂದು ಕೆಲಸಕ್ಕೆ ಕೈಹಾಕುವುದು. ವರ್ಷಕ್ಕೊಮ್ಮೆ ಎಲೆ ಗುಡಿಸುತ್ತೇವೆ, ಬೇಲಿಗೆ ಬಣ್ಣ ಬಳಿಯುತ್ತೇವೆ. ಬಾರದಿದ್ದವರನ್ನು ಮುಂದಿನ ವರ್ಷದ ತನಕ ನೆನಪಿಟ್ಟುಕೊಳ್ಳುತ್ತೇವೆ. ಒಬ್ಬ ಮನುಷ್ಯನ ಗುಡಾರಕ್ಕಾಗಿ ಡುಗ್ನಾದ್ ಇಟ್ಟದ್ದು ನಮ್ಮ ಸಂಘದ ಇತಿಹಾಸದಲ್ಲಿ ಮೊದಲು. ಮೆಟ್ಟಿಲ ಬುಡದಲ್ಲಿ ಚೀಟಿ ಅಂಟಿಸಲಾಯಿತು: ಶನಿವಾರ ಹನ್ನೊಂದು ಗಂಟೆ, ಓಡ್ವಾರ್ ಗುಡಾರ, ದೋಸೆಯಂಥ ನಮ್ಮ ವಾಫೆಲ್ ಮತ್ತು ಕಾಫಿ ಸಂಘದ ವತಿಯಿಂದ.

ಶುಕ್ರವಾರ ಸಂಜೆ ಓಡ್ವಾರ್ ಆ ಚೀಟಿಯ ಮುಂದೆ ಬಹಳ ಹೊತ್ತು ನಿಂತಿದ್ದನ್ನು ನಾನು ಕಂಡೆ. ನಾಳೆ ಗುಡಾರ ಬಿಚ್ಚಿಕೊಂಡರೆ ಮತ್ತೆ ಆ ‘ಓ, ಆಯ್ತು’. ಬಿಚ್ಚಿಕೊಳ್ಳದಿದ್ದರೆ ಮುಂದಿನ ಶನಿವಾರವೂ ಬರುತ್ತಾರೆ. ಅವನು ಏನು ಬೇಡಿಕೊಂಡನೆಂದು ಊಹಿಸುವುದು ಕಷ್ಟವಲ್ಲ.

ಆದರೆ ಶನಿವಾರ ಹದಿನೈದು ಮನೆಯ ಮೂವತ್ತು ಕೈಗಳು ಗುಡಾರದ ಮೇಲೆ ಬಿದ್ದವು.

“ನೀವು ಆ ಕಡೆ ಎಳೀರಿ!”

“ಎಳೀಬೇಡಿ, ತಳ್ಳಿ!”

“ಮೊದ್ಲು ಪಟ್ಟಿ ಬಿಚ್ಚಿ ಮಾರಾಯ್ರೇ!”

“ಪುಸ್ತಕದಲ್ಲಿ ಏನು ಬರ್ದಿದೆ?”

“ಫಿನ್ನಿಷ್.”

“ಅಂದ್ರೆ ಅವ್ರಿಗೂ ಬರಲ್ಲ.”

ಓಡ್ವಾರ್ ಸುತ್ತಲೂ ಓಡಾಡುತ್ತ, ಎಲ್ಲಿ ಎಳೆದರೆ ತೆರೆಯುವುದೋ ಅಲ್ಲಿ ತಾನೇ ಬೆನ್ನು ಕೊಟ್ಟು ನಿಂತು, “ಇಲ್ಲೇನೂ ಇಲ್ಲ, ಇಲ್ಲೇನೂ ಇಲ್ಲ” ಅನ್ನುತ್ತಿದ್ದ. ಅಧ್ಯಕ್ಷರು ಅವನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಏಣಿಯನ್ನು ಅಲ್ಲಿಗೆ ತಂದು, ಪಿನ್ನು ಸಿಕ್ಕಿಸಿ, ಜಗ್ಗಿದರು. ಗುಡಾರ ಫಟ್ಟನೆ ಎದ್ದು ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಯಿ ಬೊಗಳಿತು.

“ಆಯ್ತು!” ಅಂದರು ಅಜ್ಜಿ. ವಾಫೆಲ್ ಕಾವಲಿಯ ತಂತಿ ಕಿತ್ತರು.

ಟೋರ್ಫಿನ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. “ಮಡಚೋದು ನಾನು ಮಾಡ್ತೀನಿ,” ಅಂದ. “ನೀವು ಮೇಲೆ ಹೋಗಿ ಬಟ್ಟೆ ತಗೊಳ್ಳಿ.”

“ಬಟ್ಟೆ ಯಾಕೆ?” ಅಂದ ಓಡ್ವಾರ್.

ಆಗ ಅವನಿಗೆ ಕಂಡದ್ದು, ಜನ ಮನೆಗೆ ಹೋಗುತ್ತಿಲ್ಲ, ಸಾಲಾಗಿ ನಿಲ್ಲುತ್ತಿದ್ದಾರೆ. ಬೀಳ್ಕೊಡಲು! ಗುಡಾರ ಆಯಿತಲ್ಲ, ಇನ್ನೇಕೆ ತಡ? ಮೊದಲ ಮಹಡಿಯವರು ಎರಡು ಜಾಡಿ ಜಾಮು ತಂದರು. ಅಧ್ಯಕ್ಷರು ಉತ್ತರ ಭಾಗದ ನಕ್ಷೆ ಕೊಟ್ಟರು, ನಿಲ್ಲಬಾರದ ಕಡೆಗಳಿಗೆಲ್ಲ ಕೆಂಪು ಗುರುತು ಹಾಕಿ. ಅಜ್ಜಿ ನಾಲ್ಕು ದಿನದಲ್ಲಿ ಹೆಣೆದ ಉಣ್ಣೆಯ ಕಾಲುಚೀಲ ಎದೆಗೆ ಒತ್ತಿದರು.

“ಕಾಲು ಬೆಚ್ಚಗಿಟ್ಕೋ ಮಗನೇ. ಆಗಸ್ಟಲ್ಲಿ ಬಂದು ಎಲ್ಲಾ ಹೇಳ್ತೀಯಲ್ಲ?”

ಆ ಕ್ಷಣದಲ್ಲಿ ಅವನು ನಿಜ ಹೇಳಬಹುದಿತ್ತು. ಬಾಯಿ ತೆರೆದ. ಕಾಲುಚೀಲ ನೋಡಿದ. ಉಸಿರು ಒಳಗೆ ಹೋಯಿತು.

“ಹ್ಯಾ...”

ಮಧ್ಯಾಹ್ನ ಒಂದು ಗಂಟೆಗೆ, ಹದಿನೈದು ಮನೆಯವರು ಕೈಬೀಸುತ್ತಿರಲು, ಎಲ್ಲಿಗೂ ಹೋಗಬೇಕಿಲ್ಲದ ಓಡ್ವಾರ್ ಶೆಲ್ಬ್ರೈಡ್ ದೇಶದ ತುದಿಗೆ ಹೊರಟ.

ಮುಂದಿನದು ಆಮೇಲೆ ಅವನೇ ನನಗೆ ಹೇಳಿದ್ದು. ಅವನಿಗೆ ಗೊತ್ತಿದ್ದ ದಾರಿ ಒಂದೇ. ವಾಲ್ಡ್ರೆಸ್‌ನ ಮೇಲಿನ ಬಯಲಿಗೆ ಬಂದು ನಿಲ್ಲಿಸಿದ. ಮಂಜು. ಹತ್ತು ಮಾರು ಆಚೆ ಏನೂ ಕಾಣದು. ಹೈ ಹೈ ಅನ್ನಲು ಒಂದು ನರಪಿಳ್ಳೆಯಿಲ್ಲ. ಗುಡಾರ ಬಿಚ್ಚೋಣ ಅಂದರೆ ಏಣಿ ಸಿಕ್ಕಿಸುವ ಪಿನ್ನು ಕಾಣೆ. ಕಾರಿನೊಳಗೆ, ಕೆಳಗೆ, ಜೇಬಿನಲ್ಲಿ, ಎಲ್ಲೂ ಇಲ್ಲ. ಜಾಮಿಗೆಂದು ತಂದ ಚಮಚದ ಹಿಡಿಕೆಯನ್ನು ತೂತಿಗೆ ತೂರಿಸಿ, ಬಗ್ಗಿಸಿ, ಸರಿಯಾದ ಪಕ್ಕದಿಂದ ಜಗ್ಗಿದ. ಮೂರೂವರೆ ನಿಮಿಷ. ಗುಡಾರ ಎದ್ದಿತು. ಒಂದು ಸುಕ್ಕಿಲ್ಲ, ಒಂದು ಸೊಟ್ಟವಿಲ್ಲ.

“ಆಯ್ತು,” ಅಂದ ಓಡ್ವಾರ್, ತನಗೆ ತಾನೇ.

ತಣ್ಣಗಾದ ವಾಫೆಲ್ ತಿಂದ. ಇಬ್ಬರ ಹಾಸಿಗೆಯಲ್ಲಿ ಮೊದಲು ಎಡಕ್ಕೆ ಮಲಗಿದ, ಆಮೇಲೆ ಬಲಕ್ಕೆ ಮಲಗಿದ, ಕೊನೆಗೆ ನಡುವೆ. ಸಂಜೆಯ ಮಂಜಿನೊಳಗಿಂದ ಒಂದು ಹಿಮಸಾರಂಗ ಬಂದು ಕಾರನ್ನೇ ನೋಡುತ್ತ ನಿಂತಿತು. ಓಡ್ವಾರ್ ಕಿಂಡಿಯಿಂದ ತಲೆ ಹೊರಹಾಕಿ “ಹೈ ಹೈ” ಅಂದ. ಅದು ಊರಿನ ಪ್ರಾಣಿಯಿರಬೇಕು, ಮುಖ ತಿರುಗಿಸಿಕೊಂಡು ಹೋಯಿತು. ಇನ್ನು ಆಗಸ್ಟ್ ತನಕ ಮನೆಗೂ ಹೋಗುವಂತಿಲ್ಲ ಎಂಬುದು ಅವನಿಗೆ ಚೆನ್ನಾಗಿ ಅರ್ಥವಾದದ್ದು ಆಗ. ಇಡೀ ಜೀವನದಲ್ಲಿ ಅವನನ್ನು ಅಷ್ಟು ಜನ ಸೇರಿ ಬೀಳ್ಕೊಟ್ಟಿರಲಿಲ್ಲ. ಬೀಳ್ಕೊಟ್ಟ ಮೇಲೆ ಬಂದುಬಿಟ್ಟರೆ ಹೇಗೆ?

ಭಾನುವಾರ ಹನ್ನೊಂದರ ಹೊತ್ತಿಗೆ ಮಂಜು ಹರಿಯಿತು. ದೂರದ ರಸ್ತೆಯಲ್ಲಿ ಬೇಸಿಗೆ ಬಸ್ಸು ನಿಂತು ಒಬ್ಬನನ್ನು ಇಳಿಸಿ ಹೋಯಿತು. ಇಳಿದವನು ನೀಲಿ ಕಾರಿನ ಕಡೆಗೇ ನಡೆಯತೊಡಗಿದ. ಬಸ್ ಚಾಲಕರ ನಡಿಗೆ, ಕಾಲು ಸ್ವಲ್ಪ ಅಗಲ. ಟೋರ್ಫಿನ್!

ಓಡ್ವಾರನಿಗೆ ಮೊದಲು ಹೊಳೆದದ್ದು ಸಂತೋಷವಲ್ಲ, ಗಾಬರಿ. ಗುಡಾರ ಪೂರ್ತಿ ಎದ್ದು ನಿಂತಿದೆ! ನೋಡಿ ‘ಓ, ಆಯ್ತು’ ಅಂದು ವಾಪಸು ಬಸ್ಸು ಹತ್ತಿಬಿಟ್ಟರೆ? ಏಣಿಯಿಂದ ಹಾರಿ ಇಳಿದು ಮಡಚಲು ಹೋದ. ಚಮಚ ಬಗ್ಗಿ ತೂತಿನಲ್ಲಿ ಕಚ್ಚಿಕೊಂಡಿತ್ತು. ಎಳೆದ, ತಿರುಚಿದ, ಕಲ್ಲಿನಿಂದ ಕುಟ್ಟಿದ, ಹಲ್ಲಿನಿಂದ ಕಚ್ಚಿದ. ಬಿಚ್ಚಲಾಗದೆ ಮೂರು ಗಂಟೆ ಒದ್ದಾಡಿದ ಅದೇ ಜಾಗದಲ್ಲಿ ಈಗ ಮಡಚಲಾಗದೆ ಒದ್ದಾಡಿದ. ಟೋರ್ಫಿನ್ ಬಂದು ಎದುರಿಗೆ ನಿಂತಾಗ ಓಡ್ವಾರ್ ಚಮಚಕ್ಕೆ ಬಾಯಿ ಹಾಕಿ ನೇತಾಡುತ್ತಿದ್ದ.

“ಹೈ ಹೈ,” ಅಂದ ಟೋರ್ಫಿನ್.

“ಹೈ ಹೈ,” ಅಂದ ಓಡ್ವಾರ್, ಚಮಚ ಬಿಟ್ಟು.

ಟೋರ್ಫಿನ್ ಗುಡಾರ ನೋಡಿದ. ಚಮಚ ನೋಡಿದ. ಜೇಬಿಗೆ ಕೈಹಾಕಿ ಪಿನ್ನು ತೆಗೆದು ಅಂಗೈಯಲ್ಲಿಟ್ಟ.

“ಇದು ನನ್ನ ಜೇಬಿಗೆ ಬಂದ್ಬಿಟ್ಟಿತ್ತು.”

“ಹೆಂಗೆ ಬಂತು?”

“ನಾನೇ ಹಾಕ್ಕೊಂಡೆ.” ಟೋರ್ಫಿನ್ ಬೂಟಿನ ತುದಿ ನೋಡಿಕೊಂಡ. “ಇದು ಇಲ್ದಿದ್ರೆ ನಿಮಗೆ ಬಿಚ್ಚೋಕೆ ಆಗಲ್ಲ, ತಂದುಕೊಡೋಕೆ ಯಾರಾದ್ರೂ ಬರ್ಲೇಬೇಕು ಅಂತ. ಚಮಚದ ಯೋಚನೆ ನನಗೆ ಬರಲಿಲ್ಲ.”

“ನಾನು ಇಲ್ಲೇ ಇರ್ತೀನಿ ಅಂತ ಹೆಂಗೆ ಗೊತ್ತಾಯ್ತು? ಉತ್ತರಕ್ಕೆ ಹೋಗಿದ್ರೆ?”

“ನೀವಾ? ಮೊದಲ್ನೇ ಶನಿವಾರ ಮಧ್ಯಾಹ್ನನೇ ಬಿಚ್ಚಿದ್ರಿ, ಆಮೇಲೆ ಆರು ದಿನ ಹಿಂಜಿನ ಕಡೆಯಿಂದ ಎಳೆದ್ರಿ. ಅಂಥೋರು ಕಿತ್ತಳೆಹಣ್ಣು ತಿಂದ ಬೆಟ್ಟ ಬಿಟ್ಟು ಎಲ್ಲಿಗೆ ಹೋಗ್ತಾರೆ?” ಅಂದ ಟೋರ್ಫಿನ್. “ಅವತ್ತು ನಾನು ‘ಆಯ್ತು’ ಅಂದುಬಿಟ್ಟೆ. ಮೆಟ್ಟಿಲು ಹತ್ತೋವಾಗ ಅನ್ನಿಸ್ತು, ಅನ್ನಬಾರದಿತ್ತು ಅಂತ. ವಾಪಸ್ ಬಂದು ಏನು ಹೇಳ್ಲಿ? ಆಗಿಹೋಗಿತ್ತಲ್ಲ.”

ಅಲ್ಲಿ ಬಿಚ್ಚುವ ಕೆಲಸ ಇರಲಿಲ್ಲ, ಮಡಚುವ ಕೆಲಸ ಸಾಧ್ಯವಿರಲಿಲ್ಲ. ಮಾತಾಡಲು ಕಾರಣವೆಂಬುದು ಒಂದೂ ಉಳಿದಿರಲಿಲ್ಲ.

“ಮನೆಗೆ ಹೋಗೋ ಹಂಗಿಲ್ಲ ನಾನು,” ಅಂದ ಓಡ್ವಾರ್ ಕೊನೆಗೆ. “ಅಜ್ಜಿ ಕಾಲುಚೀಲ ಹೆಣೆದುಬಿಟ್ಟಿದ್ದಾರೆ.”

“ಎಲ್ಲರನ್ನೂ ಕರ್ದು ನಿಜ ಹೇಳ್ಬಿಡಿ.”

“ಎಲ್ಲಿಗೆ ಕರೀಲಿ?”

“ಮನೆಗೆ. ಕಾಫಿಗೆ.”

“ನಮ್ಮ ಮನೆಗಾ?” ಓಡ್ವಾರ್ ಏಣಿ ಹಿಡಿದುಕೊಂಡ. “ಏನು ಕಾರಣ ಅಂತ ಹೇಳ್ಲಿ? ಮೀಟರೂ ಇಲ್ಲ ಈಗ.”

“ನನಗೇನು ಗೊತ್ತು. ನಾನೂ ಯಾರ್ನೂ ಕರ್ದಿಲ್ಲ.”

ಓಡ್ವಾರ್ ಬಹಳ ಯೋಚಿಸಿದ. ಆಮೇಲೆ, ಉಸಿರನ್ನು ಸರಿಯಾಗಿ ಹೊರಗೆ ಬಿಡುತ್ತ, ಒಂದೊಂದೇ ಪದ ಹೇಳಿದ.

“ಮೊದ್ಲು ನೀವು ಬನ್ನಿ. ನಾಳೆ. ಅವರನ್ನ ಆಮೇಲೆ ನೋಡ್ಕೊಳ್ಳೋಣ.”

ಟೋರ್ಫಿನ್ ಪಿನ್ನನ್ನು ಈ ಕೈಯಿಂದ ಆ ಕೈಗೆ ಹಾಕಿದ, ಆ ಕೈಯಿಂದ ಈ ಕೈಗೆ ಹಾಕಿದ.

“ಎಷ್ಟೊತ್ತಿಗೆ?”

“ಆರಕ್ಕೆ.”

“ಆರಕ್ಕೆ,” ಅಂದ ಟೋರ್ಫಿನ್, ಬಸ್ಸಿನ ವೇಳಾಪಟ್ಟಿಯನ್ನು ಬಾಯಿಪಾಠ ಮಾಡುವವನ ಹಾಗೆ. ನಂತರ ಸ್ವಲ್ಪ ಭಯದಿಂದ ಕೇಳಿದ. “ಎಷ್ಟು ಹೊತ್ತು ಇರ್ಬೇಕು?”

“ಗೊತ್ತಿಲ್ಲ,” ಅಂದ ಓಡ್ವಾರ್. “ನಮ್ಮ ಮನೆಗೆ ಇದುವರೆಗೂ ಯಾರೂ ಬಂದಿಲ್ಲ.”